ಮೂರನೇ ಅಂಕದ ಗುಟ್ಟು

ಅನಾಹುತಕ್ಕೆಲ್ಲ ಕಾರಣ ಎರಡೇ ಎರಡು ಶಬ್ದ. ದೀಪದಣ್ಣ ಅವನ್ನು ಆಡದೆ ನುಂಗಿಕೊಂಡಿದ್ದರೆ ಮರುದಿನ ಎಲ್ಲರಂತೆ ಮುಖ ತೊಳೆದು, ಗಡ್ಡ ಮಾಡಿಸಿಕೊಂಡು, ಅಂಗಡಿಗೆ ಹೋಗಿ, ಸಂಜೆ ನೆಮ್ಮದಿಯಾಗಿ ಬಣ್ಣ ಹಚ್ಚಿಕೊಳ್ಳುತ್ತಿದ್ದ. ಆದರೆ ಹಿಂದಿನ ಸಂಜೆ ನಾಟಕದ ಎರಡನೇ ಅಂಕ ಮುಗಿದು, ಜನ ಸಭಾಂಗಣದ ಮೆಟ್ಟಿಲ ಮೇಲೆ ನಿಂತು "ಹಾರ ಕದ್ದೋರು ಯಾರಿರಬಹುದು?" ಎಂದು ತಲೆ ಕೆರೆದುಕೊಳ್ಳುತ್ತಿದ್ದಾಗ, ಅವನು ಮುಖದ ಬಣ್ಣ ಒರೆಸಿಕೊಳ್ಳುತ್ತಾ ಹೊರಗೆ ಬಂದು, ಯಾರೂ ಕೇಳದಿದ್ದರೂ ಹೇಳಿಬಿಟ್ಟ: "ನಂಗೆ ಗೊತ್ತು."

ಪಾಪ, ಅವನನ್ನು ಬೈಯುವಂತೆಯೂ ಇಲ್ಲ. ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು. ಊರಿನ ನಾಟಕ ಸಂಘಕ್ಕೆ ಸೇರಿ ಕಿವಿಯ ಹತ್ತಿರದ ಕೂದಲು ಬೆಳ್ಳಗಾದರೂ ಅವನಿಗೆ ಸಿಗುತ್ತಿದ್ದ ಪಾತ್ರ ಒಂದೇ, ಮನೆ ಆಳಿನದು. ಕತ್ತಲಾದಾಗ ದೀಪ ಹಿಡಿದು ಬರಬೇಕು, ಮೇಜಿನ ಮೇಲಿಡಬೇಕು, ತಲೆ ಬಗ್ಗಿಸಿ ಹೋಗಬೇಕು. ಮಾತಿಲ್ಲ. ಹಾಗೆ ಎಷ್ಟು ದೀಪ ಇಟ್ಟನೆಂದರೆ ಅಪ್ಪ ಅಮ್ಮ ಇಟ್ಟ ಹೆಸರು ಮರೆತುಹೋಗಿ ಎಲ್ಲರ ಬಾಯಲ್ಲೂ ಅವನು ದೀಪದಣ್ಣನಾದ. ಮನೆಯಲ್ಲಿದ್ದವರು ತಾಯಿ ಮಗ ಇಬ್ಬರೇ. ತಾಯಿ ಒಂದು ನಾಟಕವನ್ನೂ ತಪ್ಪಿಸಿದವರಲ್ಲ. ಮುಂದಿನ ಸಾಲಿನಲ್ಲಿ ಕೂತು, ಮಗ ದೀಪ ಇಡುವ ತನಕ ಉಸಿರು ಬಿಗಿಹಿಡಿದು, ಆಮೇಲೆ ಪಕ್ಕದವರ ಕಡೆ ತಿರುಗಿ "ಒಂದು ತೊಟ್ಟು ಎಣ್ಣೆ ಚೆಲ್ಲಲಿಲ್ಲ ನೋಡಿದ್ರಾ?" ಎನ್ನುತ್ತಿದ್ದರು.

ಈ ಸಲ ಅವನಿಗೆ ಮಾತು ಸಿಕ್ಕಿತ್ತು. ಅದೂ ಇಡೀ ನಾಟಕದ ಕೊನೆಯ ಮಾತು.

ನಾಟಕ ಆಡಿಸುವವರು ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಹೊಸ ಕಾಲದ ನಾಟಕಗಳೆಂದರೆ ಅವರಿಗೆ ಮೈ ಉರಿ. "ಇಬ್ಬರು ಕುರ್ಚಿ ಮೇಲೆ ಕೂತು ಆಕಾಶ ನೋಡ್ತಾರೆ, ಪರದೆ ಬೀಳುತ್ತೆ. ಇದೊಂದು ನಾಟಕವೇನ್ರಯ್ಯಾ?" ಅವರ ಮನಸ್ಸೆಲ್ಲ ಹತ್ತೊಂಬತ್ತನೇ ಶತಮಾನದಲ್ಲಿತ್ತು. ಆಗಿನವರು ನಾಟಕವನ್ನು ಸ್ವೆಟರಿನಂತೆ ಹೆಣೆಯುತ್ತಿದ್ದರು, ಒಂದು ಹೊಲಿಗೆಯೂ ದಂಡವಲ್ಲ, ಎಂದು ಅವರು ತಾಲೀಮಿನಲ್ಲಿ ದಿನಕ್ಕೊಮ್ಮೆ ಹೇಳುತ್ತಿದ್ದರು. "ರಂಗದ ಮೇಲೆ ಒಬ್ಬ ಕೆಮ್ಮಿದ ಅಂದ್ರೆ ಅದು ಶೀತದ ಕೆಮ್ಮಲ್ಲ, ಮೂರನೇ ಅಂಕದಲ್ಲಿ ಅವನು ಸಾಯಲೇಬೇಕು. ಬಾಗಿಲು ಬಡಿದ್ರೆ ಯಾರು ಬರಬಾರದೋ ಅವರೇ ಬರಬೇಕು. ಮೊದಲನೇ ಅಂಕದಲ್ಲಿ ಗಂಟು ಹಾಕಿ, ಎರಡನೇದ್ರಲ್ಲಿ ಬಿಗೀರಿ, ಮೂರನೇದ್ರಲ್ಲಿ ಒಂದೇ ಮಾತಿಂದ ಬಿಚ್ಚಿ. ಟೀವಿ ಧಾರಾವಾಹಿಯೋರು ನಮ್ಮಿಂದ ಎಲ್ಲಾ ಹೊತ್ಕೊಂಡು ಹೋದ್ರು, ಗಂಟು ಬಿಚ್ಚೋದೊಂದನ್ನ ಬಿಟ್ಟು!"

ಈ ವರ್ಷದ ನಾಟಕವನ್ನು ಅವರೇ ಆ ಹಳೆಯ ಅಳತೆಗೆ ತಕ್ಕಂತೆ ಬರೆದಿದ್ದರು. ಸಾಹುಕಾರನ ಮನೆ. ಮಗಳ ಮದುವೆಯ ಹಿಂದಿನ ದಿನ ಮನೆತನದ ಹಾರ ಮಾಯ. ಮನೆಯಲ್ಲಿದ್ದವರು ಸಾಹುಕಾರ, ಡಾಕ್ಟರು, ವಕೀಲರು ಮತ್ತು ದೊಡ್ಡಮ್ಮ. ಎರಡು ಅಂಕ ಒಂದು ಸಂಜೆ, ಮೂರನೆಯದು ಮರುಸಂಜೆ. ನಡುವೆ ಜನಕ್ಕೆ ನಿದ್ದೆ ಬರಬಾರದು ಎಂಬುದು ಮೇಷ್ಟ್ರ ಸ್ವಂತ ಉಪಾಯ. ಕೊನೆಯ ದೃಶ್ಯವನ್ನು ತಾಲೀಮಿನಲ್ಲೂ ಆಡಿಸಿರಲಿಲ್ಲ. ಮೊದಲ ಸಂಜೆ ಬಣ್ಣದ ಕೋಣೆಯ ಮೂಲೆಗೆ ದೀಪದಣ್ಣನನ್ನು ಕರೆದು ಕಿವಿಯಲ್ಲಿ ಹೇಳಿದ್ದರು:

"ನಾಳೆ ಕೊನೆಯಲ್ಲಿ ದೀಪ ಹಿಡಿದು ಬಾ. 'ನಿಲ್ಲಿ! ಹಾರ ತೆಗೆದದ್ದು ಬೇರೆ ಯಾರೂ ಅಲ್ಲ, ಸಾಹುಕಾರರೇ!' ಅನ್ನು. ಈ ಗುಟ್ಟು ನಿನಗೂ ನನಗೂ ಮಾತ್ರ. ಊರಲ್ಲಿ ಎಲ್ಲಾದ್ರೂ ಸಾಹುಕಾರ ಅನ್ನೋ ಹೆಸರು ನನ್ನ ಕಿವಿಗೆ ಬಿತ್ತೋ, ಮಾತು ಇನ್ನೊಬ್ಬನಿಗೆ. ನೀನು ಸಾಯೋ ತನಕ ದೀಪ."

ಇಷ್ಟು ಭಾರ ಹೊತ್ತವನ ಬಾಯಿಂದ "ನಂಗೆ ಗೊತ್ತು" ಎಂದು ಒಂದಿಷ್ಟು ಆವಿ ಹೊರಬಿದ್ದರೆ ಅದು ಕುಕ್ಕರಿನ ತಪ್ಪೇ?

ಬೆಳಿಗ್ಗೆ ತಾಯಿ ಕಾಫಿ ಲೋಟ ಮುಂದಿಟ್ಟು, "ಬೀದಿಯೆಲ್ಲಾ ಹೇಳ್ತಿದಾರೆ, ನಿನಗೆ ಗೊತ್ತಂತೆ?" ಎಂದರು.

"ಅಮ್ಮಾ, ನೀನೊಬ್ಬಳು ಕೇಳಬೇಡ."

"ನಾನ್ಯಾಕೋ ಕೇಳಲಿ? ಇಷ್ಟು ವರ್ಷ ಕಾದೋಳಿಗೆ ಸಂಜೆ ತನಕ ಕಾಯೋದು ದೊಡ್ಡದಾ? ಅಲ್ಲೇ, ಎಲ್ಲರ ಮುಂದೆ, ನಿನ್ನ ಬಾಯಿಂದಲೇ ಕೇಳ್ತೀನಿ." ಅವನ ಅಂಗಿಯ ಕಾಲರು ಸರಿಮಾಡಿ, "ಸ್ವಲ್ಪ ಜೋರಾಗಿ ಹೇಳು ಮತ್ತೆ. ಚಿಕ್ಕೋನಿದ್ದಾಗಿಂದ ನೀನು ಮಾತು ಹೊಟ್ಟೆಯೊಳಗೇ ಆಡ್ತೀಯ," ಎಂದರು.

ತಾಯಿ ಕೇಳಲಿಲ್ಲ. ಆದರೆ ಅವರ ಮನೆಯ ಮೇಲೆ ಇನ್ನೊಂದು ಮನೆಯಿತ್ತು, ಅಲ್ಲಿ ಮಹಡಿ ಅಕ್ಕ ಇದ್ದರು. ಬೀದಿಯಲ್ಲಿ ಯಾರ ಮನೆಯ ಹಾಲು ಉಕ್ಕಿದರೂ ಮೊದಲು ಅವರಿಗೆ ತಿಳಿಯಬೇಕು. ಹಾರ ಕದ್ದವರ ಹೆಸರು ತಿಳಿಯದೆ ಅವರು ಬೆಳಗಿನ ತನಕ ಮಂಚದ ಮೇಲೆ ದೋಸೆಯಂತೆ ಮಗುಚಿಕೊಂಡೇ ಇದ್ದರಂತೆ.

ದೀಪದಣ್ಣ ಸ್ನಾನದ ಮನೆಯಲ್ಲಿ ತಲೆಯಿಂದ ಕುತ್ತಿಗೆ ತನಕ ಸೋಪು ಬಳಿದುಕೊಂಡು ಕಣ್ಣು ಮುಚ್ಚಿ ನಲ್ಲಿ ತಿರುಗಿಸಿದ. ನಲ್ಲಿ ಒಮ್ಮೆ ಬಿಕ್ಕಿ ಸುಮ್ಮನಾಯಿತು.

"ಅಮ್ಮಾ, ನೀರು ನಿಂತೋಯ್ತು!"

ಉತ್ತರ ಬಂದದ್ದು ಮೇಲಿನ ಕಿಟಕಿಯಿಂದ. "ನಿಂತಿಲ್ಲಪ್ಪಾ, ನಿಲ್ಲಿಸಿದೀನಿ. ಟ್ಯಾಂಕಿನ ವಾಲ್ವು ನಮ್ಮ ಮಹಡೀಲಿದೆ ಅಲ್ವಾ?"

"ಅಕ್ಕಾ, ಕಣ್ಣಿಗೆ ಸೋಪು ಹೋಗ್ತಿದೆ!"

"ನನ್ನ ಕಣ್ಣಿಗೆ ನಿದ್ದೆ ಹೋಗಿಲ್ಲ. ಯಾರು ಕದ್ದಿದ್ದು?"

"ಹೇಳಬಾರದು ಅಕ್ಕಾ!"

"ಹಾಗಾದ್ರೆ ಒಣಗಲಿ ಬಿಡು. ಸೋಪು ಒಣಗಿದ್ರೆ ಚರ್ಮ ಬಿಗಿಯುತ್ತೆ, ವಯಸ್ಸು ಕಡಿಮೆ ಕಾಣುತ್ತೆ."

ದೀಪದಣ್ಣ ಹಲ್ಲು ಕಚ್ಚಿದ. ಸೋಪು ಹಲ್ಲಿಗೂ ಸಿಕ್ಕಿತು. ನಿಜ ಹೇಳಿದರೆ ಮಾತು ಹೋಗುತ್ತದೆ. ಹೇಳದಿದ್ದರೆ ಕಣ್ಣು ಹೋಗುತ್ತದೆ. ಎರಡರ ನಡುವೆ ಒಂದು ಸಣ್ಣ ಓಣಿ ಇದೆಯೆಂದು ಅವನಿಗೆ ಆ ಉರಿಯಲ್ಲಿ ಹೊಳೆಯಿತು. ಸುಳ್ಳು ಹೇಳಬಾರದೆಂದು ಮೇಷ್ಟ್ರು ಎಲ್ಲಿ ಹೇಳಿದ್ದರು?

"ಡಾಕ್ಟರು! ಡಾಕ್ಟರು ಕದ್ದಿದ್ದು!"

ಎಂದದ್ದೇ ತಡ, ನಲ್ಲಿ ಅವನ ಮೇಲೆ ಪ್ರೀತಿ ಉಕ್ಕಿ ಬಂದಂತೆ ಸುರಿಯಿತು.

ಕಟಿಂಗ್ ಶಾಪಿನಲ್ಲಿ ಕಾದದ್ದು ಬೇರೆ ಪರೀಕ್ಷೆ. ಅಲ್ಲಿನವನು ದೀಪದಣ್ಣನನ್ನು ಅಳಿಯನಂತೆ ಬರಮಾಡಿಕೊಂಡು, ಬಟ್ಟೆ ಹೊದಿಸಿ, ನೊರೆ ಹಚ್ಚಿ, ಬಲಗೆನ್ನೆಯನ್ನು ಕನ್ನಡಿಯಂತೆ ಬೋಳಿಸಿದ. ಆಮೇಲೆ ಕತ್ತಿಯನ್ನು ಗಂಟಲಿನ ಹತ್ತಿರ ತಂದು ಸುಮ್ಮನೆ ನಿಂತ.

"ಯಾಕೆ ನಿಲ್ಲಿಸಿದೆಯಪ್ಪಾ?"

"ಕೈ ನಡುಗ್ತಿದೆ ಅಣ್ಣಾ. ಎರಡನೇ ಅಂಕದ ಯೋಚನೆ. ಯಾರು ಅಂತ ತಿಳಿದುಬಿಟ್ರೆ ಕೈ ನೆಟ್ಟಗಾಗುತ್ತೆ."

"ಬೇಡ ಬಿಡು, ಹೀಗೇ ಎದ್ದು ಹೋಗ್ತೀನಿ."

"ಹೋಗಿ ಅಣ್ಣಾ. ಬಲಗಡೆಯಿಂದ ನೋಡಿದೋರು ಮದುಮಗ ಅಂತಾರೆ, ಎಡಗಡೆಯಿಂದ ನೋಡಿದೋರು ಜೈಲಿಂದ ಬಂದೋನು ಅಂತಾರೆ. ನಂಗೇನು?"

ಕಾಯುತ್ತಾ ಕೂತಿದ್ದ ಗಿರಾಕಿಗಳೆಲ್ಲ ಪತ್ರಿಕೆ ಕೆಳಗಿಳಿಸಿ ಇತ್ತಲೇ ನೋಡುತ್ತಿದ್ದರು. ಡಾಕ್ಟರು ಆಗಲೇ ಖರ್ಚಾಗಿದ್ದರು. ಹೇಳಿದ ಸುಳ್ಳನ್ನೇ ಮತ್ತೆ ಹೇಳಬಹುದಿತ್ತು. ಆದರೆ ಕತ್ತಿ ಗಂಟಲ ಮೇಲಿದ್ದಾಗ ಯಾರಿಗೆ ಅಷ್ಟು ಬುದ್ಧಿ ಓಡುತ್ತದೆ? ಬಾಯಿಗೆ ಬಂದದ್ದು ಬಂತು. "ವಕೀಲರು," ಎಂದು ಉಸುರಿದ.

"ನಾನು ಅವತ್ತೇ ಅಂದ್ಕೊಂಡೆ!" ಎಂದು ಕಟಿಂಗ್ ಶಾಪಿನವನು ಎಡಗೆನ್ನೆಯನ್ನು ಒಂದೇ ಎಳೆತಕ್ಕೆ ಮುಗಿಸಿದ. ನಾಟಕ ಶುರುವಾದದ್ದೇ ನಿನ್ನೆ.

ಕನ್ನಡಕದ ಅಂಗಡಿಯಲ್ಲಿ ಮಾಲೀಕರು ಗಲ್ಲಾದ ಹಿಂದೆ ಕೂತು ಬಹಳ ಸಿಹಿಯಾಗಿ ನಕ್ಕರು. ಅವರು ನಕ್ಕರೆ ಯಾವುದೋ ರಜೆ ರದ್ದಾಯಿತೆಂದೇ ಲೆಕ್ಕ.

"ಬಾರಯ್ಯಾ. ಇವತ್ತು ಒಂದು ಬುಟ್ಟಿ ಗಾಜು ಬಂದಿದೆ, ಎಲ್ಲಾ ಉಜ್ಜಿ ಮುಗಿಸಬೇಕು. ಸಂಜೆ ಬಾಗಿಲು ಹಾಕೋ ತನಕ ನೀನು ಕದಲೋ ಹಾಗಿಲ್ಲ."

"ಧಣೀ, ಸಂಜೆ ನಾಟಕ! ಕೊನೆ ಮಾತು ನಂದು! ನಮ್ಮಮ್ಮ ಮುಂದಿನ ಸಾಲಲ್ಲಿ ಕೂತಿರ್ತಾರೆ!"

"ಕೊನೆ ಮಾತು ನಿಂದಾದ್ರೆ ಅದು ನಿನಗೆ ಗೊತ್ತಿರಬೇಕು. ಗೊತ್ತಿದ್ರೆ ನನಗೂ ಗೊತ್ತಾಗಬೇಕು. ಗೊತ್ತಾದ್ರೆ ಗಾಜು ನಾಳೆಗೂ ಆಗುತ್ತೆ."

ದೀಪದಣ್ಣನ ಉಗ್ರಾಣದಲ್ಲಿ ಉಳಿದಿದ್ದದ್ದು ಒಂದೇ ಹೆಸರು. ಕಣ್ಣು ಮುಚ್ಚಿ ಅದನ್ನೂ ಕೊಟ್ಟ. "ದೊಡ್ಡಮ್ಮ."

"ಛೆ ಛೆ! ಅಷ್ಟು ಒಳ್ಳೆ ಹೆಂಗಸು!" ಎಂದು ಮಾಲೀಕರು ನಿಜವಾಗಿಯೂ ನೊಂದುಕೊಂಡು, ಕೂಡಲೇ ಮನೆಗೆ ಫೋನು ಹಚ್ಚಿ ಹೆಂಡತಿಗೆ ತಿಳಿಸಿದರು.

ಊರಿನವರು ಕೇಳಿದ ಸುದ್ದಿಯನ್ನು ತಮ್ಮಲ್ಲೇ ಇಟ್ಟುಕೊಂಡಿದ್ದರೆ ಕತೆ ಇಲ್ಲಿಗೆ ನಿಲ್ಲುತ್ತಿತ್ತು. ಮಧ್ಯಾಹ್ನ ಮಾಲೀಕರು ಊಟಕ್ಕೆ ಹೋಗಿದ್ದಾಗ ಔಷಧಿ ಅಂಗಡಿಯವನು ಮುರಿದ ಕನ್ನಡಕ ಹಿಡಿದು ಏದುಸಿರು ಬಿಡುತ್ತಾ ಬಂದ. ನಾಟಕದಲ್ಲಿ ಡಾಕ್ಟರ ಪಾತ್ರ ಅವನದು.

"ಏನಾಯ್ತಯ್ಯಾ ಈ ಊರಿಗೆ? ಬೆಳಿಗ್ಗೆಯಿಂದ ಗಿರಾಕಿಗಳು ನನ್ನ ನೋಡಿ ಬ್ಯಾಗು ತಬ್ಬಿಕೊಳ್ತಿದಾರೆ! ಒಬ್ಬ ಅಜ್ಜಿ ಕೆಮ್ಮಿನ ಔಷಧಿ ಕೇಳೋ ಮೊದಲು ಸರ ಬಿಚ್ಚಿ ಮಗಳ ಕೈಗೆ ಕೊಟ್ಟು ಬಂದ್ರು. ಯಾಕಜ್ಜಿ ಅಂದ್ರೆ, 'ನಿನ್ನ ನಾಡಿ ನಂಗೆ ಗೊತ್ತು ಬಿಡಪ್ಪಾ' ಅಂತಾರೆ! ಬಗ್ಗಿ ನೋಡೋಣ ಅಂತ ಹೋದೆ, ಹೆದರಿ ಚೀಲ ಬೀಸಿದ್ರು. ನೋಡು, ಕನ್ನಡಕ!"

ದೀಪದಣ್ಣ ಮುಖ ಎತ್ತದೆ ಕನ್ನಡಕ ತೆಗೆದುಕೊಂಡ. ಸಣ್ಣ ತಿರುಪು ಅವನ ಬೆರಳಿಂದ ಜಾರಿ ಜಾರಿ ಓಡಿತು. ಔಷಧಿ ಅಂಗಡಿಯವನ ಹಿಂದೆಯೇ ವಿಮಾ ಏಜೆಂಟ್ ಬಂದ, ನಾಟಕದಲ್ಲಿ ವಕೀಲ. ಬೆಳಿಗ್ಗೆ ಪಾಲಿಸಿಗೆ ಸಹಿ ಹಾಕಬೇಕಿದ್ದವರು ಬಾಗಿಲನ್ನೇ ತೆಗೆಯಲಿಲ್ಲವಂತೆ, ಕಿಂಡಿಯಿಂದ "ನಿನ್ನೆ ನೋಡಿದ್ವಲ್ಲ ನಿಮ್ಮ ಕೈಚಳಕ" ಎಂದರಂತೆ. ದೊಡ್ಡಮ್ಮನ ಪಾತ್ರದ ನರ್ಸಮ್ಮ ವಾರ್ಡಿಗೆ ಹೋದರೆ ರೋಗಿಗಳು ಉಂಗುರವನ್ನು ದಿಂಬಿನ ಕೆಳಗೆ ತಳ್ಳುತ್ತಿದ್ದಾರಂತೆ.

"ಯಾವನೋ ಬಾಯಿಬಡುಕ ಮೂರನೇ ಅಂಕ ಮಾರಿದಾನೆ," ಎಂದ ಔಷಧಿ ಅಂಗಡಿಯವನು. "ಸಿಕ್ಕಲಿ, ಅವನ ಹಲ್ಲಿಗೆ ನಾನೇ ಔಷಧಿ ಕೊಡ್ತೀನಿ. ಬೇಕಾಗುತ್ತೆ ಅವನಿಗೆ."

ದೀಪದಣ್ಣ ಕನ್ನಡಕ ಸರಿಮಾಡಿ ಕೊಟ್ಟ. ಗಡಿಬಿಡಿಯಲ್ಲಿ ಎಡದ ಗಾಜು ಬಲಕ್ಕೆ, ಬಲದ್ದು ಎಡಕ್ಕೆ ಕೂತಿತ್ತು. ಔಷಧಿ ಅಂಗಡಿಯವನು ಹಾಕಿಕೊಂಡು ಹೊರಗೆ ನಡೆದು, ಬಾಗಿಲ ಪಕ್ಕದ ಗೋಡೆಗೆ ನಮಸ್ಕಾರ ಹಾಕಿ ಹೋದ.

ಸಂಜೆ ದೀಪದಣ್ಣ ಬಣ್ಣದ ಕೋಣೆಯ ಬಾಗಿಲು ತಳ್ಳಿದಾಗ ಒಳಗೆ ಯಾರೂ ಬಣ್ಣ ಹಚ್ಚಿಕೊಳ್ಳುತ್ತಿರಲಿಲ್ಲ. ಪಾತ್ರಧಾರಿಗಳು ಗೋಡೆಗೆ ಒರಗಿ ಸಾಲಾಗಿ ನಿಂತಿದ್ದರು. ಮೇಷ್ಟ್ರು ಕೋಲು ಹಿಡಿದು ಅವರ ಮುಂದೆ ಓಡಾಡುತ್ತಿದ್ದರು.

"ಬಾ, ನೀನೂ ನಿಲ್ಲು!" ಎಂದರು. "ಕೇಳ್ರಯ್ಯಾ. ನಾನು ಮೊದ್ಲೇ ಯೋಚಿಸಿದ್ದೆ. ಗುಟ್ಟನ್ನ ಒಬ್ಬರಿಗೆ ಹೇಳಿದ್ರೆ ಉಳಿಯುತ್ತೋ ಇಲ್ಲವೋ ಗೊತ್ತಾಗಲ್ಲ. ಅದಕ್ಕೇ ಒಬ್ಬೊಬ್ಬರಿಗೂ ಒಂದೊಂದು ಹೆಸರು ಹೇಳಿದೆ. ಕೊನೆ ಮಾತು ನಿಮ್ಮದೇ ಅಂತ ಒಬ್ಬೊಬ್ಬರಿಗೂ ಹೇಳಿದೆ. ನಾಲ್ಕು ಕೊನೆ ಬರೆದಿಟ್ಟಿದೀನಿ. ಯಾರ ಹೆಸರು ಊರಲ್ಲಿ ಕೇಳಿಸೋದಿಲ್ಲವೋ ಅದೇ ನಿಜವಾದ ಕೊನೆ!"

ದೀಪದಣ್ಣ ಸಾಲಿನ ತುದಿಗೆ ಸರಿದು ನಿಂತ.

"ಡಾಕ್ಟರು ಕದ್ದಿದ್ದು ಅಂತ ಯಾರಿಗೆ ಹೇಳಿದ್ದೆ? ನಿನಗೆ!" ಕೋಲು ಸಾಹುಕಾರನ ಪಾತ್ರದ ಬೇಕರಿಯವನ ಹೊಟ್ಟೆಗೆ ತಗುಲಿತು. "ಇವತ್ತು ಬೀದೀಲಿ ಅದೇ ಮಾತು. ವಕೀಲ ಅಂತ ಔಷಧಿಯವನಿಗೆ ಹೇಳಿದ್ದೆ, ಕಟಿಂಗ್ ಶಾಪಲ್ಲಿ ಅದೇ ಮಾತು. ದೊಡ್ಡಮ್ಮ ಅಂತ ಏಜೆಂಟಿಗೆ, ನನ್ನ ಸೊಸೇನೇ ಬಂದು ನನಗೆ ಹೇಳ್ತಾಳೆ ದೊಡ್ಡಮ್ಮ ಅಂತ!" ನರ್ಸಮ್ಮ ಮಾತ್ರ "ನನಗೆ ಹೇಳಬೇಡಿ ಮೇಷ್ಟ್ರೇ, ನನ್ನಲ್ಲಿ ಗುಟ್ಟು ನಿಲ್ಲಲ್ಲ" ಎಂದು ಮೊದಲೇ ಕಿವಿ ಮುಚ್ಚಿಕೊಂಡಿದ್ದರಂತೆ, ಅವರೊಬ್ಬರು ಹಾಯಾಗಿ ಜಡೆ ಹೆಣೆದುಕೊಳ್ಳುತ್ತಿದ್ದರು.

"ಮಕ್ಕಳಾಣೆ ನಾನು ಹೇಳಿಲ್ಲ!" ಎಂದು ಮೂವರೂ ಒಟ್ಟಿಗೆ ಕೂಗಿದರು. ಪಾಪ, ಮೂವರೂ ನಿಜವನ್ನೇ ಕೂಗಿದ್ದರು.

"ಇಡೀ ಊರಲ್ಲಿ ಇಲ್ಲದ ಹೆಸರು ಒಂದೇ," ಎಂದು ಮೇಷ್ಟ್ರು ದೀಪದಣ್ಣನ ಕಡೆ ತಿರುಗಿದರು. ಅವರ ಕಣ್ಣಲ್ಲಿ ನೀರಿತ್ತು. "ಸಾಹುಕಾರ! ಒಬ್ಬರ ಬಾಯಲ್ಲೂ ಇಲ್ಲ! ಇವನ ಬಾಯಿಂದ ಒಂದಕ್ಷರ ಹೊರಗೆ ಬಿದ್ದಿಲ್ಲ!"

"ಮೇಷ್ಟ್ರೇ, ಒಂದು ಮಾತು..." ದೀಪದಣ್ಣನಿಗೆ ಎಲ್ಲವನ್ನೂ ಹೇಳಿಬಿಡಬೇಕೆನಿಸಿತು.

"ಆಡಬೇಡ! ನೀನು ಮಾತಾಡದೋನು, ಆಡಲೇಬೇಡ!" ಮೇಷ್ಟ್ರು ಅವನನ್ನು ತಬ್ಬಿಕೊಂಡರು. "ಇಂಥ ಬಾಯಿ ಸಿಗೋದು ನಮ್ಮ ಭಾಗ್ಯ. ಇವತ್ತು ಇವರೆಲ್ಲ ಹೊಸ ಕೊನೆ ಆಡಬೇಕು, ಒಬ್ಬನಿಗೂ ಮಾತು ಬಾಯಿಪಾಠ ಇಲ್ಲ. ಮಾತು ನೆನಪಿಸೋ ಪ್ರಾಂಪ್ಟರ್ ಮೇಲೇ ಎಲ್ಲಾ ನಿಂತಿದೆ. ನಮ್ಮ ಪ್ರಾಂಪ್ಟರ್ ಗಂಟಲು ನಿನಗೆ ಗೊತ್ತಲ್ಲ, ನಿನ್ನೆ ಅವನು ಪಿಸುಗುಟ್ಟಿದ್ದು ಹಿಂದಿನ ಸಾಲಿಗೂ ಕೇಳಿ, ಜನ ಪ್ರತಿ ಮಾತನ್ನೂ ಎರಡೆರಡು ಸಲ ಕೇಳಿಸ್ಕೊಂಡ್ರು. ಅದಕ್ಕೇ ತೀರ್ಮಾನ ಮಾಡಿದೀನಿ. ಅವನು ದೀಪ ಹಿಡಿದು ಮೇಲೆ ಹೋಗ್ತಾನೆ. ನೀನು ಪ್ರಾಂಪ್ಟರ್ ಪೆಟ್ಟಿಗೇಲಿ ಕೂರು!"

ಮೂಲೆಯಲ್ಲಿ, ಸಂಘದವರೆಲ್ಲ ಗಂಟಲು ಎಂದೇ ಕರೆಯುತ್ತಿದ್ದ ಆ ದಪ್ಪ ಪ್ರಾಂಪ್ಟರ್ ಆಗಲೇ ಆಳಿನ ಪೇಟ ಸುತ್ತಿಕೊಳ್ಳುತ್ತಿದ್ದ. "ಮಾತೇನೋ ಜೋರಾಗಿ ಹೇಳ್ತೀನಿ ಬಿಡಿ," ಎಂದು ಅವನು ಮೆಲ್ಲಗೆ ಹೇಳಿದ್ದಕ್ಕೆ ಕಿಟಕಿಯ ಗಾಜು ನಡುಗಿತು.

"ಮೇಷ್ಟ್ರೇ, ನಮ್ಮಮ್ಮ..."

"ಅಮ್ಮನಿಗೆ ಹೆಮ್ಮೆ ಆಗುತ್ತೆ! ನಡಿ, ಗಂಟೆ ಹೊಡೀತು!"

ಪ್ರಾಂಪ್ಟರ್ ಪೆಟ್ಟಿಗೆ ಎಂದರೆ ರಂಗದ ಅಂಚಿನಲ್ಲಿ ಅರ್ಧ ನೆಲದೊಳಗೆ ಇಳಿದ ಮರದ ಗೂಡು. ಕೂತವನ ಮುಖ ರಂಗದ ಕಡೆ, ಬೆನ್ನು ಪ್ರೇಕ್ಷಕರ ಕಡೆ. ಅಲ್ಲಿಂದ ದೀಪದಣ್ಣನಿಗೆ ಪಾತ್ರಧಾರಿಗಳ ಮೊಣಕಾಲಿನ ತನಕ ಮಾತ್ರ ಕಾಣುತ್ತಿತ್ತು. ಹಾಳೆ ತೊಡೆಯ ಮೇಲಿಟ್ಟುಕೊಂಡು ಚಪ್ಪಲಿ ನೋಡಿ ಯಾರೆಂದು ಗುರುತಿಸಿದ, ಮಾತು ಕೊಟ್ಟ. ಮೇಲಿದ್ದವರಿಗೆ ಹೊಸ ಅಂಕದ ಒಂದು ಸಾಲೂ ನೆನಪಿರಲಿಲ್ಲ. ಪೆಟ್ಟಿಗೆಯಿಂದ ಬಂದದ್ದನ್ನೆಲ್ಲ ಹಸಿದ ಹಕ್ಕಿಮರಿಗಳಂತೆ ಬಾಯಿ ತೆರೆದು ಹಿಡಿದುಕೊಳ್ಳುತ್ತಿದ್ದರು. ಅವನ ಧ್ವನಿ ಎರಡನೆಯ ಚಪ್ಪಲಿಯನ್ನು ದಾಟಿ ಒಂದಿಂಚೂ ಮುಂದೆ ಹೋಗುತ್ತಿರಲಿಲ್ಲ. ಆ ಕೆಲಸಕ್ಕೆ ಅವನು ಹೇಳಿ ಮಾಡಿಸಿದಂತಿದ್ದ.

ಅವನ ಬೆನ್ನ ಹಿಂದೆಯೇ, ಮುಂದಿನ ಸಾಲಿನಲ್ಲಿ, ತಾಯಿಯ ಧ್ವನಿ ಕೇಳಿಸುತ್ತಿತ್ತು.

"ಈಗ ಬರ್ತಾನೆ ನೋಡಿ. ಇವತ್ತು ಮಾತಿದೆ ಅವನಿಗೆ."

"ಎಲ್ರೀ, ಇನ್ನೂ ಕಾಣಲೇ ಇಲ್ಲ?" ಇದು ಮಹಡಿ ಅಕ್ಕ.

"ಬರ್ತಾನೆ, ಬರ್ತಾನೆ. ಬಣ್ಣ ತೊಳೆದ ಮೇಲೆ ಮುಖ ಒರೆಸ್ಕೊಳ್ಳಲಿ ಅಂತ ಒಂದು ಟವೆಲ್ಲೂ ತಂದಿದೀನಿ."

ಗೂಡಿನ ಹಿಂಬದಿಯ ಹಲಗೆಯಲ್ಲಿ ಸಣ್ಣ ಬಿರುಕಿತ್ತು. ದೀಪದಣ್ಣ ಕುತ್ತಿಗೆ ತಿರುಗಿಸಿ ಅದರೊಳಗೆ ಮೆಲ್ಲಗೆ ಹೇಳಿದ: "ಅಮ್ಮಾ! ನಾನಿಲ್ಲೇ ಇದೀನಿ!"

ಮೇಲೆ ಆ ಕ್ಷಣದಲ್ಲಿ ವಕೀಲನ ಸರದಿ. ಏಜೆಂಟ್ ಮಾತು ಮರೆತು ದೊಡ್ಡಮ್ಮನ ಎದುರು ಬೆವರುತ್ತಾ ನಿಂತಿದ್ದ. ಪೆಟ್ಟಿಗೆಯಿಂದ ಏನೋ ಬಂತು. ಹಿಂದು ಮುಂದು ನೋಡದೆ ಎರಡೂ ಕೈ ಚಾಚಿ ಕೂಗಿದ: "ಅಮ್ಮಾ! ನಾನಿಲ್ಲೇ ಇದೀನಿ!"

ಸಭಾಂಗಣ "ಹಾ!" ಎಂದು ಉಸಿರೆಳೆಯಿತು. ವಕೀಲ ದೊಡ್ಡಮ್ಮನ ಮಗನೇ! ನರ್ಸಮ್ಮ ಒಂದು ಕ್ಷಣ ತಬ್ಬಿಬ್ಬಾದರು. ಆದರೆ ಜ್ವರದ ವಾರ್ಡಿನಲ್ಲಿ ಅವರನ್ನು ಅಮ್ಮ ಎಂದು ಕರೆದವರಿಗೆ ಲೆಕ್ಕವಿರಲಿಲ್ಲ. "ಮಗೂ!" ಎಂದು ತಬ್ಬಿಕೊಂಡರು. ಹೆಂಗಸರು ಸೆರಗು ಕಣ್ಣಿಗೊತ್ತಿಕೊಂಡರು.

"ಅಯ್ಯೋ, ಅದಲ್ಲ, ಅದಲ್ಲ!" 

ದೀಪದಣ್ಣನ ಆ ಪಿಸುಮಾತನ್ನು ಡಾಕ್ಟರು ಹಿಡಿದುಕೊಂಡರು. ಔಷಧಿ ಅಂಗಡಿಯವನು, ಅದಲುಬದಲಾದ ಕನ್ನಡಕದಲ್ಲಿ ಯಾರೆಲ್ಲಿದ್ದಾರೆಂದು ತಿಳಿಯದೆ, ಕಿಟಕಿಯ ಪರದೆಯ ಮುಂದೆ ನಿಂತು ಎದೆ ಬಡಿದುಕೊಂಡ: "ಅಯ್ಯೋ, ಅದಲ್ಲ, ಅದಲ್ಲ!"

"ಇವನಿಗೆ ಇನ್ನೂ ಏನೋ ಗೊತ್ತು ಕಣ್ರೀ!" ಎಂದು ಮಹಡಿ ಅಕ್ಕ ಕುರ್ಚಿಯ ತುದಿಗೆ ಬಂದರು.

ದೀಪದಣ್ಣ ಬಾಯಿಗೆ ಹಾಳೆ ತುರುಕಿಕೊಂಡ. ಪಕ್ಕದ ಪರದೆಯ ಮರೆಯಲ್ಲಿ ಮೇಷ್ಟ್ರು ಕೂದಲು ಕಿತ್ತುಕೊಳ್ಳುತ್ತಾ, ಆದದ್ದಾಗಲಿ ಎಂದು ಕೈ ಬೀಸಿದರು. ಬಾಗಿಲು ತೆರೆಯಿತು. ದೀಪ ಹಿಡಿದ ಆಳು ಬಂದ. ಪೇಟ ಹುಬ್ಬಿನ ತನಕ ಇಳಿದಿತ್ತು. ಹೆಜ್ಜೆಗೊಂದು ತೊಟ್ಟು ಎಣ್ಣೆ ನೆಲಕ್ಕೆ ಬೀಳುತ್ತಿತ್ತು.

"ಬಂದ! ನನ್ನ ಮಗ!" ಎಂದು ತಾಯಿ ಎದ್ದೇ ನಿಂತರು.

ಗಂಟಲು ರಂಗದ ಮಧ್ಯಕ್ಕೆ ಬಂದು, ದೀಪವನ್ನು ಮುಖದ ಹತ್ತಿರ ಎತ್ತಿ, ಗುಡುಗಿದ: "ನಿಲ್ಲಿ!"

ತಾಯಿ ಕಣ್ಣು ಕಿರಿದು ಮಾಡಿ ನೋಡಿದರು. ಇನ್ನೊಮ್ಮೆ ನೋಡಿದರು. ಆಮೇಲೆ ಅವರ ಕೂಗು ಇಡೀ ಸಭಾಂಗಣದ ಸೂರಿಗೆ ಬಡಿಯಿತು:

"ಇವನು ನನ್ನ ಮಗ ಅಲ್ಲ!"

ಜನರ ಕತ್ತುಗಳೆಲ್ಲ ಅವರ ಕಡೆ ತಿರುಗಿದವು. ಆಮೇಲೆ ಹಿಂದಿನ ಸಾಲಿನಿಂದ ಯಾರೋ ಅರಚಿದರು: "ಹೌದಲ್ಲ! ಆಳು ಆಳೇ ಅಲ್ಲ! ವೇಷ ಹಾಕ್ಕೊಂಡು ಬಂದಿದಾನೆ! ಇವನೇ ಕಳ್ಳ!"

ಗಂಟಲು ಬಾಯಿ ತೆರೆದು, ಕಣ್ಣರಳಿಸಿ, ದೀಪದ ಬೆಳಕಿನಲ್ಲಿ ಕಲ್ಲಾಗಿ ನಿಂತ. ಜಗತ್ತಿನಲ್ಲಿ ಈ ತನಕ ಸಿಕ್ಕಿಬಿದ್ದ ಯಾವ ಕಳ್ಳನೂ ಅಷ್ಟು ಚೆನ್ನಾಗಿ ಸಿಕ್ಕಿಬಿದ್ದಂತೆ ಕಂಡಿರಲಾರ. ಚಪ್ಪಾಳೆ ಆಲಿಕಲ್ಲಿನಂತೆ ಸುರಿಯಿತು. ಪರದೆ ಎಳೆಯುವವನಿಗೆ ಮೇಷ್ಟ್ರು ಹೇಳಿಕೊಟ್ಟ ಪಾಠ ಒಂದೇ: ಕೊನೆಯ ದೃಶ್ಯದಲ್ಲಿ ಮೊದಲ ಚಪ್ಪಾಳೆಗೆ ಪರದೆ ಬೀಳಬೇಕು, ಒಂದು ಕ್ಷಣ ತಡವಾದರೆ ನಾಟಕ ಹಳಸುತ್ತದೆ. ಅವನು ಹಗ್ಗ ಬಿಟ್ಟ.

"ಸಾಹುಕಾರರೇ," ಎಂದು ದೀಪದಣ್ಣ ಮೂಗಿನ ಮುಂದೆ ಬಿದ್ದ ಪರದೆಗೆ ಹೇಳಿದ.

ಅವನು ಗೂಡಿನಿಂದ ಹೊರಬಂದು ಮೈಮೇಲಿನ ಧೂಳು ಕೊಡವಿಕೊಂಡು ಮೆಟ್ಟಿಲಿಗೆ ಬರುವಷ್ಟರಲ್ಲಿ ಜನ ಗುಂಪುಗುಂಪಾಗಿ ನಾಟಕ ಹೊಗಳುತ್ತಿದ್ದರು. ತಾಯಿ ಟವೆಲು ಹಿಡಿದು ದಾರಿ ಕಾಯುತ್ತಿದ್ದರು.

"ಎಲ್ಲಿ ಹಾಳಾಗಿ ಹೋಗಿದ್ಯೋ?"

"ಅಲ್ಲೇ ಇದ್ದೆ ಅಮ್ಮಾ. ನಿನ್ನ ಮುಂದೆನೇ. ಪೆಟ್ಟಿಗೆಯೊಳಗೆ."

ತಾಯಿ ಅವನ ಬಣ್ಣವಿಲ್ಲದ ಮುಖವನ್ನೇ ಟವೆಲಿನಿಂದ ಒರೆಸಿದರು. "ಹೋಗಲಿ ಬಿಡು. ಆ ಮಾತು ಇದೆಯಲ್ಲ, ಅದನ್ನ ಇಲ್ಲೇ ಹೇಳು. ನಾನು ಕೇಳ್ತೀನಿ."

ದೀಪದಣ್ಣ ಮೆಟ್ಟಿಲ ಮೇಲೆ ನೆಟ್ಟಗೆ ನಿಂತ. ಅವನ ಜೀವಮಾನದಲ್ಲಿ ಮೊದಲ ಸಲ ಧ್ವನಿ ಹೊಟ್ಟೆಯಿಂದ ಹೊರಗೆ ಬಂತು. "ನಿಲ್ಲಿ! ಹಾರ ತೆಗೆದದ್ದು ಬೇರೆ ಯಾರೂ ಅಲ್ಲ, ಸಾಹುಕಾರರೇ!"

ಜನರೆಲ್ಲ ನಿಂತರು. ಆದರೆ ಮುಂದೆ ಬಂದವರು ಮಹಡಿ ಅಕ್ಕ, ಕಟಿಂಗ್ ಶಾಪಿನವನು ಮತ್ತು ಮಾಲೀಕರು.

"ನಂಗೆ ಡಾಕ್ಟರು ಅಂದೆ!"

"ನಂಗೆ ವಕೀಲ ಅಂದ್ಯಲ್ಲ ಅಣ್ಣಾ!"

"ದೊಡ್ಡಮ್ಮನಂಥ ಹೆಂಗಸಿನ ಮೇಲೆ ಹೊರಿಸಿದೆಯಲ್ಲಯ್ಯಾ! ಈಗ ನಾಲ್ಕನೇ ಸುಳ್ಳು ಬೇರೆ! ನಾಳೆ ಬುಟ್ಟಿ ಗಾಜಲ್ಲ, ಗಾಡಿ ಗಾಜು ಉಜ್ಜು!"

"ಇದು ಸುಳ್ಳಲ್ಲ! ಅಮ್ಮಾ, ನೀನಾದ್ರೂ ನಂಬು, ಸಾಹುಕಾರರೇ..."

"ಸುಮ್ನಿರೋ," ಎಂದು ತಾಯಿ ಅವನ ತೋಳು ಜಗ್ಗಿದರು. "ನಾನು ಕಣ್ಣಾರೆ ನೋಡಿದೀನಿ. ಆ ದಪ್ಪಗಿನ ಆಳೇ ಕಳ್ಳ. ಮುಖ ನೋಡಿದ್ರೆ ಗೊತ್ತಾಗಲ್ವಾ?"

ಅಷ್ಟರಲ್ಲಿ ಮೇಷ್ಟ್ರು ಜನರನ್ನು ಸೀಳಿಕೊಂಡು ಓಡಿ ಬಂದರು. ದೀಪದಣ್ಣ, ಬೈಗುಳಕ್ಕೋ ಏಟಿಗೋ ಎಂದು ತಲೆ ತಗ್ಗಿಸಿದ. ಮೇಷ್ಟ್ರು ಅವನನ್ನು ಪಕ್ಕಕ್ಕೆ ಸರಿಸಿ ತಾಯಿಯ ಮುಂದೆ ಕೈ ಮುಗಿದರು.

"ತಾಯೀ! ಹಳೇ ಕಾಲದ ಮಹಾಮಹಾ ನಾಟಕದೋರಿಗೂ ಇಂಥ ಕೊನೆ ಹೊಳೀಲಿಲ್ಲ! ಎಲ್ಲಾ ಗಂಟೂ ಒಂದೇ ಮಾತಿಗೆ ಬಿಚ್ಚಿಕೊಳ್ತು! ಜನ ನಾಳೆಯಿಂದ ವಾರ ಪೂರ್ತಿ ಆಡಿ ಅಂತಿದಾರೆ. ಕೊನೆ ಮಾತು ಇನ್ಮೇಲೆ ನಿಮ್ಮದು. ಅದೇ ಕುರ್ಚಿ, ಅದೇ ಕೂಗು. ಮಾತು ಕೊಡೋಕೆ ಪೆಟ್ಟಿಗೇಲಿ ನಿಮ್ಮ ಮಗ ಇದ್ದೇ ಇರ್ತಾನೆ."

ತಾಯಿ ನಾಚಿಕೊಂಡರು. ಆಗಲ್ಲ ಎಂದರು. ಯಾವ ಸೀರೆ ಉಡಬೇಕೆಂದು ಕೇಳಿದರು.

ತಾಯಿ ಮಗ ಇಬ್ಬರೂ ಮನೆಯ ದಾರಿ ಹಿಡಿದರು. ಅವನ ಬಗಲಲ್ಲಿ ಮಡಿಸಿದ ಟವೆಲು. ನಾಲ್ಕು ಹೆಜ್ಜೆಗೊಮ್ಮೆ ತಾಯಿ ತಟ್ಟನೆ ನಿಂತು, ಅವನ ಕಡೆ ಬೆರಳು ಚಾಚಿ, ಬೀದಿಗೆಲ್ಲ ಕೇಳುವಂತೆ "ಇವನು ನನ್ನ ಮಗ ಅಲ್ಲ!" ಎನ್ನುತ್ತಿದ್ದರು. ಅಕ್ಕಪಕ್ಕದ ಕಿಟಕಿಗಳು ತೆರೆದುಕೊಳ್ಳುತ್ತಿದ್ದವು.

"ಸರಿಯಾಯ್ತೇನೋ?"

ದೀಪದಣ್ಣ ಅವರ ಕಿವಿಯ ಹತ್ತಿರ ಬಾಗಿ, ಬೇರೆ ಯಾರಿಗೂ ಕೇಳದಂತೆ ಮೆಲ್ಲಗೆ ಹೇಳಿಕೊಟ್ಟ:

"'ನನ್ನ' ಅನ್ನೋದನ್ನ ಇನ್ನೊಂಚೂರು ಒತ್ತಿ ಹೇಳಮ್ಮಾ."